ಕಾರಿನ ಆಂಪ್ ತಾನಾಗೇ ಆಫ್ ಆಗುತ್ತೆ, ಘಾಟಿಯಲ್ಲಿ ಇನ್ನೂ ಜಾಸ್ತಿ. ಎಲ್ಲಿಂದ ಹುಡುಕಲಿ?

ಕೋಣಂದೂರಿನವ | ಭಾನುವಾರ ರಾತ್ರಿ 9:40

ಎಲ್ಲರಿಗೂ ನಮಸ್ಕಾರ. ಮೂರು ತಿಂಗಳಿಂದ ಈ ತಾಪತ್ರಯ ಹಿಡಿದಿದೆ. ಗೊತ್ತಿರೋರು ದಯವಿಟ್ಟು ದಾರಿ ಹೇಳಿ.

ಕಾರು 2013ರ ಡೀಸೆಲ್ ಹ್ಯಾಚ್‌ಬ್ಯಾಕ್. ಹೋದ ಬೇಸಿಗೆಯಲ್ಲಿ ಶಿವಮೊಗ್ಗದಲ್ಲಿ ನಾಲ್ಕು ಚಾನೆಲ್ ಆಂಪು (ಸ್ಟೀರಿಯೋ ಸೌಂಡ್ ಜೋರು ಮಾಡೋ ಆಂಪ್ಲಿಫೈಯರ್), 10 ಇಂಚಿನ ವೂಫರ್ (ಬೇಸ್ ಸ್ಪೀಕರ್) ಡಬ್ಬ ಹಾಕಿಸಿದೆ. ಅಂಗಡಿ ಹೆಸರು ಬೇಡ. ಎರಡು ಚಾನೆಲ್ ಮುಂದಿನ ಬಾಗಿಲ ಸ್ಪೀಕರಿಗೆ, ಉಳಿದೆರಡು ಬ್ರಿಜ್ ಮಾಡಿ, ಅಂದ್ರೆ ಒಂದಾಗಿ ಸೇರಿಸಿ, ವೂಫರಿಗೆ. ಆಂಪನ್ನು ಡಿಕ್ಕಿ ಒಳಗೆ ಹಿಂದಿನ ಸೀಟಿನ ಬೆನ್ನಿಗೆ ಕೂರಿಸಿದಾರೆ, ವೂಫರ್ ಡಬ್ಬ ಅದರ ಪಕ್ಕಕ್ಕೆ.

ಬೇಸಿಗೆ ಪೂರ್ತಿ ಎಂತದೂ ತೊಂದರೆ ಇರ್ಲಿಲ್ಲ. ಮಳೆ ಹಿಡಿದ ಮೇಲೆ ಶುರು. ಸೌಂಡ್ ಸ್ವಲ್ಪ ಏರಿಸಿದ ಕೂಡ್ಲೆ, ತಮಟೆನೋ ಚೆಂಡೆನೋ ಜೋರಾಗಿ ಬಂದ ಜಾಗದಲ್ಲಿ ಪಟ್ ಅಂತ ನಿಲ್ಲುತ್ತೆ. ಸ್ಟೀರಿಯೋ ಆನ್ ಇರುತ್ತೆ, ಡಿಸ್ಪ್ಲೇಲಿ ಹಾಡು ಓಡ್ತಾ ಇರುತ್ತೆ, ಶಬ್ದ ಮಾತ್ರ ಇಲ್ಲ. ಕೆಲವು ಸಲ ಐದು ಹತ್ತು ಸೆಕೆಂಡಿಗೆ ತಾನೇ ವಾಪಸ್ ಬರುತ್ತೆ, ಕೆಲವು ಸಲ ಸ್ಟೀರಿಯೋ ಆಫ್ ಮಾಡಿ ಆನ್ ಮಾಡಬೇಕು. ಹೆಂಡತಿ ಮನೆ ಹೆಬ್ರಿ ಕಡೆ. ತಿಂಗಳಿಗೆರಡು ಸಲ ಆಗುಂಬೆ ಘಾಟಿ ಇಳಿದು ಹತ್ತಬೇಕು, ಅಲ್ಲಂತೂ ತಿರುವಿಗೊಂದು ಸಲ ನಿಲ್ಲುತ್ತೆ.

ಅಂಗಡಿಗೆ ಮೂರು ಸಲ ಹೋಗಿ ಬಂದೆ. ಅವರ ಎದುರು ಹಾಕಿದ್ರೆ ಸರಿ ಇರುತ್ತೆ. ಕೊನೆಗೆ ಆಂಪ್ ಹೋಗಿದೆ, ಹೊಸದು ಹಾಕಿ ಅಂದ್ರು. ಇನ್ನೊಂದು ಹನ್ನೆರಡು ಸಾವಿರ ಹಾಕೋ ಮುಂಚೆ ಇಲ್ಲಿ ಕೇಳೋಣ ಅನ್ನಿಸ್ತು.

ಮಂಡಗದ್ದೆ ರೋಡ್ | ಭಾನುವಾರ ರಾತ್ರಿ 10:05

ಘಾಟೀಲಿ ಜಾಸ್ತಿ ಅಂದ್ರೆ ಹೀಟು ಮಾರಾಯ್ರೆ. ಎರಡನೇ ಗೇರಲ್ಲಿ ಹತ್ತೋವಾಗ ಗಾಡಿ ಪೂರಾ ಕಾಯುತ್ತೆ. ಡಿಕ್ಕಿ ಒಳಗೆ ಗಾಳಿ ಇಲ್ಲ. ಆಂಪಿಗೆ ಒಂದು ಸಣ್ಣ ಫ್ಯಾನ್ ಹಾಕಿ ನೋಡಿ.

ಹೊಸನಗರದಾಕೆ | ಭಾನುವಾರ ರಾತ್ರಿ 10:31

ನಂಗೆ ಹೀಟು ಅಂತ ಅನ್ನಿಸಲ್ಲ. ಆಂಪ್ ಕಾದು ನಿಂತರೆ ಅದು ಆರೋದಕ್ಕೆ ಹತ್ತು ನಿಮಿಷನಾದ್ರೂ ಬೇಕು. ಅಷ್ಟು ದಪ್ಪ ಅಲ್ಯುಮಿನಿಯಂ ಹತ್ತು ಸೆಕೆಂಡಲ್ಲಿ ತಣ್ಣಗಾಗಲ್ಲ. ಅದೂ ಮಳೆಗಾಲದಲ್ಲಿ, ಆಗುಂಬೇಲಿ. ನಿಂತ ಕೂಡ್ಲೆ ಗಾಡಿ ಪಕ್ಕಕ್ಕೆ ಹಾಕಿ ಆಂಪ್ ಮೇಲೆ ಕೈ ಇಟ್ಟು ನೋಡಿ. ಕೈ ಇಟ್ಟುಕೊಂಡಿರೋಕೆ ಆಗುತ್ತೆ ಅಂದ್ರೆ ಹೀಟಲ್ಲ.

ಇನ್ನೊಂದು, ಅದಕ್ಕಿಂತ ಮುಖ್ಯ. ನಿಂತಾಗ ಆಂಪಿನ ಮೇಲಿನ ಲೈಟು ಏನಾಗುತ್ತೆ? ಹಸಿರು ಹಾಗೇ ಇರುತ್ತಾ, ಕೆಂಪಾಗುತ್ತಾ, ಪೂರ್ತಿ ಆರಿಹೋಗುತ್ತಾ? ಅದನ್ನು ನೋಡದೆ ಯಾರು ಏನು ಹೇಳಿದ್ರೂ ಊಹೆ ಅಷ್ಟೇ.

ಮಲ್ನಾಡ್ ಜೀಪು | ಸೋಮವಾರ ಬೆಳಗ್ಗೆ 7:15

ಒಂದು ಫ್ಯಾರಡ್ ಕೆಪಾಸಿಟರ್ ಸಿಗುತ್ತೆ, ಅದನ್ನ ಆಂಪ್ ಪಕ್ಕ ಹಾಕಿ. ಬೇಸ್ ಬಂದಾಗ ಕರೆಂಟ್ ಅದು ಕೊಡುತ್ತೆ. ಫ್ಯೂಸೂ ಒಂದು ಸೈಜ್ ದೊಡ್ಡದು ಹಾಕಿ, ನಾನು 30 ಆಂಪಿಯರ್ ಜಾಗಕ್ಕೆ 60 ಹಾಕಿದೀನಿ, ಆರಾಮಾಗಿದೆ.

ತುಂಗಾತೀರ | ಸೋಮವಾರ ಬೆಳಗ್ಗೆ 8:50

ಜೀಪಿನವರೇ, ದಯವಿಟ್ಟು ಇವತ್ತೇ ಆ 60ರ ಫ್ಯೂಸ್ ತೆಗೆಯಿರಿ. ಬ್ಯಾಟರಿ ಹತ್ತಿರದ ಫ್ಯೂಸ್ ಇರುವುದು ಆಂಪ್ ಉಳಿಸಲಿಕ್ಕಲ್ಲ, ವೈರು ಹೊತ್ತಿಕೊಳ್ಳದಂತೆ ತಡೆಯಲಿಕ್ಕೆ. ವೈರು ಎಷ್ಟು ತಡೆದೀತೋ ಅದಕ್ಕೆ ತಕ್ಕ ಫ್ಯೂಸ್, ಅದೂ ಬ್ಯಾಟರಿಯಿಂದ ಒಂದೂವರೆ ಅಡಿಯೊಳಗೆ. ತಗಡಿನ ಅಂಚಿಗೆ ವೈರು ಉಜ್ಜಿ ಪ್ಲಾಸ್ಟಿಕ್ ಹರಿದ ದಿನ ಆ ಫ್ಯೂಸ್ ಹೋಗದಿದ್ದರೆ ಗಾಡಿಯೇ ಹೋಗುತ್ತದೆ. ಇದನ್ನು ಹಗುರವಾಗಿ ತೆಗೆದುಕೊಳ್ಳಬೇಡಿ.

ಕೆಪಾಸಿಟರ್ ಬಗ್ಗೆ ಲೆಕ್ಕ ಹಾಕಿ ನೋಡೋಣ. ಒಂದು ಫ್ಯಾರಡ್, 14 ವೋಲ್ಟಿನಿಂದ 12ಕ್ಕೆ ಇಳಿಯುವಷ್ಟರಲ್ಲಿ ಅದು ಕೊಡುವ ಶಕ್ತಿ 26 ಜೌಲ್. ಆಂಪ್ 400 ವ್ಯಾಟ್ ಎಳೆಯುತ್ತಿದ್ದರೆ ಅದು ಸೆಕೆಂಡಿನ ಹದಿನೈದರಲ್ಲಿ ಒಂದು ಪಾಲಿಗೆ ಮುಗಿಯಿತು. ವೈರಿಂಗ್‌ನಲ್ಲಿ ತಪ್ಪಿದ್ದರೆ ಇದು ಅದನ್ನು ಸರಿಮಾಡುವುದಿಲ್ಲ, ಮುಚ್ಚುತ್ತದೆ.

ಕೋಣಂದೂರಿನವರಿಗೆ: ಆಂಪ್ ನಿಲ್ಲಲು ಇರುವ ಕಾರಣಗಳು ಹೆಚ್ಚೇನಿಲ್ಲ. ಅದಕ್ಕೆ ಬರುವ ವೋಲ್ಟೇಜ್ ಕುಸಿಯುವುದು, ರಿಮೋಟ್ ವೈರಿನ (ಸ್ಟೀರಿಯೋದಿಂದ ಬಂದು ಆಂಪನ್ನು ಆನ್ ಮಾಡುವ ಸಣ್ಣ ವೈರು) 12 ವೋಲ್ಟ್ ತಪ್ಪುವುದು, ಸ್ಪೀಕರ್ ಕಡೆ ಶಾರ್ಟ್ ಆಗುವುದು ಅಥವಾ ಅದರ ಓಮ್ (ಕರೆಂಟಿಗೆ ಇರುವ ತಡೆ) ತೀರಾ ಕಡಿಮೆ ಇರುವುದು, ಆಂಪ್ ಕಾದು ಬಿಸಿಯಾಗುವುದು, ಕೊನೆಗೆ ಆಂಪ್‌ನ ಒಳಗೇ ಏನಾದರೂ ಸುಟ್ಟಿರುವುದು. ಬೇಸಿಗೆಯಿಡೀ ಸರಿಯಾಗಿ ಓಡಿದ್ದು, ಈಗಲೂ ಅಂಗಡಿಯಲ್ಲಿ ಸರಿಯಾಗಿ ಓಡುವುದು ನೋಡಿದರೆ ಕೊನೆಯದನ್ನು ನಾನು ಕೊನೆಗೇ ಇಡುತ್ತೇನೆ.

ಲೈಟಿನ ಪ್ರಶ್ನೆಗೆ ಮೊದಲು ಉತ್ತರ ಕೊಡಿ. ವೂಫರ್ ಎಷ್ಟು ಓಮ್? ಅದರೊಳಗೆ ಒಂದೇ ಕಾಯಿಲ್ (ತಂತಿ ಸುರುಳಿ) ಇದೆಯೋ ಎರಡೋ? ನಾಲ್ಕು ಚಾನೆಲ್ ಆಂಪ್‌ಗಳನ್ನು ಬ್ರಿಜ್ ಮಾಡಿದರೆ ಸಾಮಾನ್ಯವಾಗಿ 4 ಓಮ್‌ಗಿಂತ ಕೆಳಗೆ ಹೋಗಬಾರದು. 4 ಓಮ್‌ನ ಎರಡು ಕಾಯಿಲ್ ಇರುವ ವೂಫರನ್ನು ಪ್ಯಾರಲಲ್ ಆಗಿ (ಪ್ಲಸ್ಸಿಗೆ ಪ್ಲಸ್, ಮೈನಸ್ಸಿಗೆ ಮೈನಸ್ ಸೇರಿಸಿ) ಕಟ್ಟಿದ್ದರೆ 2 ಓಮ್ ಆಗುತ್ತದೆ. ಆಗ ಸೌಂಡ್ ಏರಿಸಿದಾಗಲೆಲ್ಲ ನಿಲ್ಲುವುದು ಸಹಜ.

ಕೋಣಂದೂರಿನವ | ಬುಧವಾರ ರಾತ್ರಿ 8:20

ಎಲ್ಲರಿಗೂ ಧನ್ಯವಾದ. ಬಾಮೈದನನ್ನ ಹಿಂದಿನ ಸೀಟಲ್ಲಿ ಕೂರಿಸಿ, ಡಿಕ್ಕಿ ಮೇಲಿನ ತಟ್ಟೆ ತೆಗೆದು, ತೀರ್ಥಹಳ್ಳಿವರೆಗೆ ಹೋಗಿಬಂದೆ. ಅವನಿಗೆ ಆಂಪ್ ಬಿಟ್ಟು ಬೇರೆ ಕಡೆ ನೋಡಬೇಡ ಅಂದಿದ್ದೆ. ನಾಲ್ಕು ಸಲ ನಿಂತಿತು. ಮೂರು ಸಲ ಹಸಿರು ಲೈಟು ಮಿಣುಕಿ ಪೂರ್ತಿ ಆರಿ, ಸ್ವಲ್ಪ ಹೊತ್ತಿಗೆ ತಾನೇ ಬಂತಂತೆ. ಒಂದೇ ಸಲ ಕೆಂಪು ಹತ್ತಿ ಹಾಗೇ ನಿಂತಿತು, ಆಫ್ ಮಾಡಿ ಆನ್ ಮಾಡೋವರೆಗೂ ಹೋಗ್ಲಿಲ್ಲ. ಕೈ ಇಟ್ಟು ನೋಡಿದ್ವಿ, ಬರೀ ಬೆಚ್ಚಗಿದೆ. ವೂಫರಿಗೆ ಒಂದೇ ಕಾಯಿಲ್, ವೈರ್ ಬಿಚ್ಚಿ ಮಲ್ಟಿಮೀಟರ್ ಇಟ್ಟರೆ 3.4 ಓಮ್ ತೋರಿಸ್ತು.

ತುಂಗಾತೀರ | ಬುಧವಾರ ರಾತ್ರಿ 9:02

3.4 ಎಂದರೆ 4 ಓಮ್ ವೂಫರ್, ಸರಿ ಇದೆ. ಮೀಟರಿನಲ್ಲಿ ಯಾವಾಗಲೂ ಡಬ್ಬಿ ಮೇಲೆ ಬರೆದದ್ದಕ್ಕಿಂತ ಸ್ವಲ್ಪ ಕಡಿಮೆಯೇ ತೋರಿಸುತ್ತದೆ.

ಲೈಟ್ ಎರಡು ಥರ ವರ್ತಿಸುತ್ತಿದೆ ಎನ್ನುವುದು ನನಗೆ ಇಷ್ಟವಾಗದ ಸುದ್ದಿ. ಲೈಟಿನ ನಡವಳಿಕೆ ಆಂಪ್‌ನಿಂದ ಆಂಪ್‌ಗೆ ಬೇರೆ, ಆದರೂ ಆರಿ ತಾನೇ ಬರುವುದು ಸಾಮಾನ್ಯವಾಗಿ ಸಪ್ಲೈ ಕಡೆಯ ಲಕ್ಷಣ. ಕೆಂಪಾಗಿ ಅಲ್ಲೇ ನಿಲ್ಲುವುದು ಸ್ಪೀಕರ್ ಕಡೆಯದು. ನಿಮ್ಮ ಗಾಡಿಯಲ್ಲಿ ಎರಡು ದೋಷ ಇರಬಹುದು. ಮೂರು ಸಲ ಬಂದದ್ದನ್ನು ಮೊದಲು ಹಿಡಿಯೋಣ.

ಸಾಗರ ವೈರಿಂಗ್ | ಬುಧವಾರ ರಾತ್ರಿ 10:40

ಅಂಗಡಿ ಬಾಗಿಲು ಹಾಕಿ ಈಗ ನೋಡಿದೆ. ಇಪ್ಪತ್ತು ವರ್ಷದಿಂದ ಗಾಡಿ ಕರೆಂಟ್ ಕೆಲಸನೇ ನಂದು. ಒಂದು ಮಾತು ಹೇಳ್ತೀನಿ ಕೇಳಿ. ಸುಮ್ನೆ ನಿಂತಾಗ ಮೀಟರ್ ಇಟ್ಟು 12 ಚಿಲ್ಲರೆ ಬಂತು ಅಂತ ಸಮಾಧಾನ ಮಾಡ್ಕೊಳೋದು ಪ್ರಯೋಜನ ಇಲ್ಲ. ಕೂದಲೆಳೆಯಷ್ಟು ತಾಮ್ರ ತಗುಲ್ತಿದ್ರೂ ಮೀಟರ್ ಪೂರ್ತಿ ವೋಲ್ಟೇಜ್ ತೋರಿಸುತ್ತೆ, ಯಾಕಂದ್ರೆ ಮೀಟರ್ ಕರೆಂಟನ್ನೇ ಎಳೆಯಲ್ಲ. ಆಂಪ್ ಎಳೀತಿರೋವಾಗ ಅಳೀಬೇಕು.

ಫೋನಿಗೆ 50 ಹರ್ಟ್ಜ್ ಟೋನ್ ಒಂದು ಇಳಿಸಿಕೊಳ್ಳಿ. ಹಾಡಿನ ಬೇಸ್ ಬಂದು ಹೋಗುತ್ತೆ, ಅಷ್ಟರಲ್ಲಿ ಮೀಟರ್ ಹಿಡಿಯಲ್ಲ, ಟೋನಾದ್ರೆ ಒಂದೇ ಸಮ ಇರುತ್ತೆ. ಎಂಜಿನ್ ಸ್ಟಾರ್ಟಲ್ಲಿ ಇರ್ಲಿ. ನಿಲ್ಲೋ ಅಂಚಿನವರೆಗೆ ಸೌಂಡ್ ಕೊಟ್ಟು ನಾಲ್ಕು ಕಡೆ ಅಳೆಯಿರಿ: ಬ್ಯಾಟರಿ ಎರಡು ತುದಿ, ಆಂಪಿನ ಪ್ಲಸ್ ಮೈನಸ್, ಬ್ಯಾಟರಿ ಪ್ಲಸ್‌ನಿಂದ ಆಂಪ್ ಪ್ಲಸ್, ಬ್ಯಾಟರಿ ಮೈನಸ್‌ನಿಂದ ಆಂಪ್ ಮೈನಸ್. ಕೊನೆ ಎರಡಕ್ಕೆ ಮೀಟರ್ ವೈರ್ ಸಾಲಲ್ಲ. ಮನೆ ವೈರಿಂಗ್‌ನ ಯಾವುದಾದ್ರೂ ಐದು ಮೀಟರ್ ತುಂಡಿದ್ರೆ ಬ್ಯಾಟರಿಯಿಂದ ಕಿಟಕಿ ಮೇಲೆ ಡಿಕ್ಕಿಗೆ ಎಳ್ಕೊಳಿ. ಪ್ಲಸ್ಸಿಗೆ ಕಟ್ಟೋವಾಗ ತುದಿ ಬಾಡಿಗೆ ತಾಗದ ಹಾಗೆ ಟೇಪ್ ಸುತ್ತಿ. ಒಂದೇ ಸಮ ಟೋನ್ ತುಂಬ ಹೊತ್ತು ಬಿಡಬೇಡಿ, ವೂಫರ್ ಕಾಯಿಲ್ ಸುಡುತ್ತೆ. ಹತ್ತು ಸೆಕೆಂಡ್ ಸಾಕು.

ಕೋಣಂದೂರಿನವ | ಶನಿವಾರ ಮಧ್ಯಾಹ್ನ 1:10

ಸಾಗರದಣ್ಣ, ನೀವು ಹೇಳಿದ ಹಾಗೇ ಮಾಡಿದೆ. ಬಾಮೈದ ಟೋನ್ ಹಾಕ್ತಿದ್ದ, ನಾನು ಮೀಟರ್ ಹಿಡಿದೆ.

ಬ್ಯಾಟರಿಯಲ್ಲಿ ಸುಮ್ನೆ ಇದ್ದಾಗ 14.1, ಟೋನ್ ಇದ್ದಾಗ 13.7. ಆಂಪಿನ ಬುಡದಲ್ಲಿ ಸುಮ್ನೆ ಇದ್ದಾಗ 14, ಟೋನ್ ಹಾಕಿದ ಕೂಡ್ಲೆ 11.1! ಪ್ಲಸ್ ಕಡೆ ನಷ್ಟ 0.5. ಮೈನಸ್ ಕಡೆ 2.1.

ಸಾಗರ ವೈರಿಂಗ್ | ಶನಿವಾರ ಮಧ್ಯಾಹ್ನ 1:25

ಸಿಕ್ತು. ಬಾಡಿ ಅರ್ಥ್, ಅಂದ್ರೆ ಆಂಪಿನ ಮೈನಸ್ ವೈರನ್ನ ಗಾಡಿ ತಗಡಿಗೆ ಕಟ್ಟಿರೋ ಜಾಗ. ಮೈನಸ್ ಕಡೆ 0.2ಕ್ಕಿಂತ ಜಾಸ್ತಿ ಬರಬಾರದು. ಅರ್ಥ್ ವೈರ್ ಎಲ್ಲಿಗೆ ಕಟ್ಟಿದಾರೋ ಬಿಚ್ಚಿ ನೋಡಿ.

ತುಂಗಾತೀರ | ಶನಿವಾರ ಮಧ್ಯಾಹ್ನ 2:00

ಲೆಕ್ಕ ಎಷ್ಟು ಚೆನ್ನಾಗಿ ಕೂಡುತ್ತದೆ ನೋಡಿ: 13.7ರಲ್ಲಿ 0.5, 2.1 ಕಳೆದರೆ 11.1. ಕಳೆದುಹೋದ ಪ್ರತಿ ವೋಲ್ಟಿಗೂ ಜಾಗ ಸಿಕ್ಕಿದೆ. ಮೀಟರ್ ತೋರಿಸುವುದು ಸರಾಸರಿ. ತಮಟೆ ಪೆಟ್ಟು ಬಿದ್ದ ಕ್ಷಣದಲ್ಲಿ ಅದಕ್ಕಿಂತ ಕೆಳಗೆ ಹೋಗಿರುತ್ತದೆ. ಬಹಳಷ್ಟು ಆಂಪ್‌ಗಳು 10 ವೋಲ್ಟಿನ ಆಸುಪಾಸಿಗೆ ಬಂದರೆ ನಿಂತುಬಿಡುತ್ತವೆ.

ಆಂಪ್ 25 ಆಂಪಿಯರ್ ಎಳೆಯುತ್ತಿದೆ ಎಂದಿಟ್ಟುಕೊಳ್ಳಿ. 2.1 ವೋಲ್ಟ್ ನಷ್ಟ ಎಂದರೆ ಆ ಒಂದು ಜೋಡಣೆಯಲ್ಲಿ 50 ವ್ಯಾಟ್ ಶಾಖ. ಬೆಸುಗೆ ಹಾಕುವ ಸಾಮಾನ್ಯ ಸೋಲ್ಡರಿಂಗ್ ಐರನ್ನೇ 25 ವ್ಯಾಟ್. ಟೋನ್ ಹಾಕಿ ನಿಲ್ಲಿಸಿದ ಮೇಲೆ ಆ ಸ್ಕ್ರೂವನ್ನು ಹುಷಾರಾಗಿ ಮುಟ್ಟಿ ನೋಡಿ.

ಕೋಣಂದೂರಿನವ | ಭಾನುವಾರ ಬೆಳಗ್ಗೆ 11:30

ಬೆರಳು ಚುರ್ ಅಂತು ಸರ್.

ಏನಾಗಿತ್ತು ಅಂತ ಪೂರ್ತಿ ಬರೀತೀನಿ, ಬೇರೆಯವರಿಗೂ ಉಪಯೋಗ ಆಗಲಿ. ಸ್ಟೆಪ್ನಿ ಎತ್ತಿದ್ರೆ ಅದರ ಗುಂಡಿಯ ಅಂಚಲ್ಲಿ ಒಂದು ಸಣ್ಣ ತಗಡಿನ ಸ್ಕ್ರೂ. ಬಾಡಿಗೆ ಡ್ರಿಲ್ ಮಾಡಿ, ಪೇಂಟ್ ಕೆರೆಯದೇ, ಪೇಂಟ್ ಮೇಲೇ ಲಗ್ (ವೈರಿನ ತುದಿಗೆ ಹಾಕೋ ಲೋಹದ ಬಳೆ) ಇಟ್ಟು ತಿರುಗಿಸಿದಾರೆ. ಅಂದ್ರೆ ಇಡೀ ಆಂಪಿನ ಕರೆಂಟು ಆ ಸ್ಕ್ರೂವಿನ ಎಳೆಗಳ ಮೂಲಕ ಮಾತ್ರ ಹೋಗ್ತಿತ್ತು. ಬೇಸಿಗೆಯಲ್ಲಿ ಅಷ್ಟರಲ್ಲೇ ನಡೀತು. ಮ್ಯಾಟ್ ಎತ್ತಿದ್ರೆ ಕೆಳಗಿನ ಫೆಲ್ಟು ಹಿಂಡಿದರೆ ನೀರು ಬರೋ ಹಾಗಿದೆ. ಎಡಗಡೆ ಹಿಂದಿನ ಲೈಟಿನ ರಬ್ಬರ್ ಸೀಲು ಸೀಳಿದೆ, ಅಲ್ಲಿಂದ ಮಳೆ ನೀರು ತೊಟ್ಟಿಕ್ಕಿ ಸ್ಟೆಪ್ನಿ ಗುಂಡಿಗೆ ಇಳಿದಿದೆ. ಸ್ಕ್ರೂ ಸುತ್ತ ಕೆಂಪು ತುಕ್ಕು, ಲಗ್ಗಿನ ಒಳಗೆ ತಾಮ್ರದ ಎಳೆಗಳು ಹಸಿರು ಕಿಲುಬು ಹಿಡಿದು ಕೈಲಿ ಉಜ್ಜಿದರೆ ಪುಡಿ ಪುಡಿ ಉದುರಿದವು. ಲಗ್ಗನ್ನು ಇಕ್ಕಳದಲ್ಲಿ ಎಳೆದರೆ ಸಲೀಸಾಗಿ ಕಳಚಿ ಬಂತು.

ಈಗ ಹೊಸ ಬೋಲ್ಟ್ ಹಾಕಬೇಕು. ಸೀಟ್ ಬೆಲ್ಟಿನ ಬೋಲ್ಟು ಹತ್ತಿರದಲ್ಲೇ ಇದೆ, ದಪ್ಪಗೂ ಇದೆ. ಅದಕ್ಕೇ ಕಟ್ಟಲಾ?

ಹೊಸನಗರದಾಕೆ | ಭಾನುವಾರ ಬೆಳಗ್ಗೆ 11:48

ಬೇಡವೇ ಬೇಡ. ಸೀಟ್ ಬೆಲ್ಟ್ ಬೋಲ್ಟ್ ಜೀವದ ಬೋಲ್ಟು, ಅದರ ನಡುವೆ ಲಗ್ ತೂರಿಸಿ ಬಿಗಿ ಕೆಡಿಸಬಾರದು. ಹಿಂದಿನ ಸೀಟು ಕೂರಿಸಿರೋ ದಪ್ಪ ತಗಡಿನ ಹತ್ತಿರ ಹೊಸ ಜಾಗ ನೋಡಿ. ಡ್ರಿಲ್ ಮಾಡೋ ಮುಂಚೆ ಗಾಡಿ ಅಡಿ ಮಲಗಿ ಡೀಸೆಲ್ ಟ್ಯಾಂಕು, ಬ್ರೇಕ್ ಪೈಪು ಎಲ್ಲಿದೆ ನೋಡ್ಕೊಳಿ.

ಸಾಗರ ವೈರಿಂಗ್ | ಭಾನುವಾರ ಮಧ್ಯಾಹ್ನ 12:30

ಅಕ್ಕ ಹೇಳಿದ್ದು ಸರಿ. ಒಂದು ರೂಪಾಯಿ ನಾಣ್ಯದಷ್ಟು ಅಗಲ ಪೇಂಟ್ ಕೆರೀರಿ, ತಗಡು ಬೆಳ್ಳಿ ಹಾಗೆ ಹೊಳೀಬೇಕು. ಈ ಕಡೆ ಬೋಲ್ಟು, ಹಲ್ಲಿರೋ ವಾಷರು, ಆ ಕಡೆ ನಟ್ಟು. ತಗಡಿನ ಸ್ಕ್ರೂ ಮತ್ತೆ ಹಾಕಬೇಡಿ. ಬಿಗಿ ಮಾಡಿದ ಮೇಲೆ ಮೇಲಿಂದ ಗ್ರೀಸ್ ಬಳೀರಿ, ಇಲ್ಲಾಂದ್ರೆ ನಮ್ಮ ಕಡೆ ಮಳೆಗೆ ಮುಂದಿನ ವರ್ಷ ಮತ್ತೆ ಇದೇ ಕತೆ. ಅರ್ಥ್ ವೈರ್ ಪ್ಲಸ್ ವೈರಿನಷ್ಟೇ ದಪ್ಪ ಇರಲಿ, ಉದ್ದ ಒಂದೂವರೆ ಅಡಿ ದಾಟಬಾರದು.

ಹೊಸ ವೈರ್ ತಗೊಳೋವಾಗ ತುದಿ ಚಾಕುವಲ್ಲಿ ಕೆರೆದು ನೋಡಿ. ಒಳಗೆ ಬೆಳ್ಳಗೆ ಕಂಡರೆ ಅದು ಅಲ್ಯುಮಿನಿಯಂ, ಮೇಲೆ ತಾಮ್ರದ ಲೇಪ ಅಷ್ಟೇ. ಕಿಟ್‌ಗಳಲ್ಲಿ ಬರೋದು ಜಾಸ್ತಿ ಅದೇ. ತಾಮ್ರ ಒಯ್ಯೋ ಕರೆಂಟಲ್ಲಿ ಮೂರರಲ್ಲಿ ಎರಡು ಪಾಲು ಒಯ್ದರೆ ಹೆಚ್ಚು. ಮೇಲೆ ಪ್ಲಾಸ್ಟಿಕ್ ಮಾತ್ರ ಹೆಬ್ಬೆರಳು ದಪ್ಪ ಇರುತ್ತೆ, ಅದನ್ನ ನೋಡಿ ಮೋಸ ಹೋಗಬೇಡಿ.

ಮಲ್ನಾಡ್ ಜೀಪು | ಭಾನುವಾರ ಸಂಜೆ 5:00

ಫ್ಯೂಸ್ ತೆಗೆದು 30ನೇ ಹಾಕಿದೆ ಸರ್, ಧನ್ಯವಾದ. ಹಾಕಿದ ಮೇಲೆ ಒಂದು ಸಲವೂ ಹೋಗಿಲ್ಲ. ನಂದೂ ಒಂದು ಪ್ರಶ್ನೆ ಇದೆ, ಇಲ್ಲೇ ಕೇಳ್ಲಾ? ಆಂಪಿನ ರಿಮೋಟ್ ವೈರಿಗೇ ಎರಡು ಫ್ಯಾನು ಕಟ್ಟಿದೀನಿ, ಫ್ಯಾನ್ ತಿರುಗಕ್ಕೆ ಶುರುವಾದ್ರೆ ಆಂಪ್ ಕಣ್ಣು ಮಿಟುಕಿಸುತ್ತೆ.

ಸಾಗರ ವೈರಿಂಗ್ | ಭಾನುವಾರ ಸಂಜೆ 6:12

ಆ ವೈರು ಆಂಪಿಗೆ ಎದ್ದೇಳು ಅಂತ ಹೇಳೋಕಷ್ಟೇ, ಫ್ಯಾನ್ ಎಳೆಯೋಕಲ್ಲ. ಜಾಸ್ತಿ ಎಳೆದ್ರೆ ಸ್ಟೀರಿಯೋನೇ ಹಾಳಾಗುತ್ತೆ. ಒಂದು ರಿಲೇ ಹಾಕಿ, ಅಂದ್ರೆ ಸಣ್ಣ ಕರೆಂಟಿಂದ ದೊಡ್ಡ ಕರೆಂಟ್ ಆನ್ ಮಾಡೋ ಸ್ವಿಚ್ಚು. ಅದರ ಕಾಲುಗಳಿಗೆ ನಂಬರ್ ಇರುತ್ತೆ. ರಿಮೋಟ್ ವೈರು 86ಕ್ಕೆ, 85 ಬಾಡಿಗೆ, ಫ್ಯೂಸ್ ಹಾಕಿದ ಬ್ಯಾಟರಿ ಪ್ಲಸ್ 30ಕ್ಕೆ, ಫ್ಯಾನು 87ಕ್ಕೆ. ಮುಗೀತು.

ಕೋಣಂದೂರಿನವ | ಮಂಗಳವಾರ ರಾತ್ರಿ 9:15

ಹೊಸ ಅರ್ಥ್ ಕಟ್ಟಿದೆ. ಶುದ್ಧ ತಾಮ್ರದ ವೈರ್ ಒಂದು ಅಡಿ. ಮೈನಸ್ ಕಡೆ ನಷ್ಟ 2.1 ಇದ್ದದ್ದು 0.1ಕ್ಕೆ ಬಂತು. ಆಂಪಿನ ಬುಡದಲ್ಲಿ ಟೋನ್ ಇದ್ದಾಗ 13.1. ಬೇಸ್ ಕೇಳಿ ಖುಷಿ ಆಯ್ತು, ಮೊದಲು ಮೆತ್ತಗೆ ಬಡಿದ ಹಾಗೆ ಇತ್ತು, ಈಗ ಗಟ್ಟಿ ಪೆಟ್ಟು. ಸೀಲಿಗೆ ಸಿಲಿಕೋನ್ ಬಳಿದು ಫೆಲ್ಟನ್ನ ಹಂಡೆ ಒಲೆ ಹತ್ತಿರ ಒಣಗಿಸ್ತಿದೀನಿ. ಭಾನುವಾರ ಹೆಬ್ರಿಗೆ ಹೋಗ್ತೀವಿ, ಬಂದು ಹೇಳ್ತೀನಿ.

ಕೋಣಂದೂರಿನವ | ಸೋಮವಾರ ರಾತ್ರಿ 8:45

ಬೇಜಾರಿನ ಸುದ್ದಿ. ಆಗುಂಬೆವರೆಗೆ ಒಂದು ಸಲವೂ ನಿಲ್ಲಲಿಲ್ಲ, ಎಷ್ಟು ಜೋರು ಹಾಕಿದರೂ. ಘಾಟಿ ಇಳಿಯಕ್ಕೆ ಶುರು ಮಾಡಿದ್ವಿ, ಎರಡನೇ ತಿರುವಲ್ಲಿ ಕೆಂಪು ಲೈಟು. ಆಫ್ ಮಾಡಿ ಆನ್ ಮಾಡಿದೆ, ಬಂತು. ಇನ್ನೆರಡು ತಿರುವು ಬಿಟ್ಟು ಮತ್ತೆ. ಸೌಂಡೂ ಜಾಸ್ತಿ ಇರ್ಲಿಲ್ಲ. ಸೋಮೇಶ್ವರ ದಾಟಿ ರಸ್ತೆ ನೆಟ್ಟಗಾದ ಮೇಲೆ ಸುದ್ದಿನೇ ಇಲ್ಲ. ಮನೆಗೆ ಬಂದು ಸ್ಪೀಕರ್ ವೈರೆಲ್ಲ ಬಿಚ್ಚಿ ಬರೀ ಆಂಪ್ ಆನ್ ಮಾಡಿದೆ, ಹಸಿರು. ಒಂದೊಂದೇ ಕಟ್ಟುತ್ತಾ ಬಂದೆ, ಎಲ್ಲಾ ಹಸಿರು.

ಹೊಸನಗರದಾಕೆ | ಸೋಮವಾರ ರಾತ್ರಿ 9:20

ನಿಮ್ಮ ಮೊದಲನೇ ಬರಹ ಈಗ ತಿರುಗಿ ಓದಿದೆ. “ತಿರುವಿಗೊಂದು ಸಲ” ಅಂತ ನೀವೇ ಬರೆದಿದ್ರಿ. ನಾವೆಲ್ಲ ಘಾಟಿ ಅಂದ ಕೂಡ್ಲೆ ಹತ್ತೋದು, ಕಾಯೋದು ಅಂತ ವಾದ ಮಾಡಿದ್ವಿ, ತಿರುವು ಅನ್ನೋ ಮಾತನ್ನ ಯಾರೂ ಹಿಡೀಲಿಲ್ಲ. ಈ ಸಲ ಇಳಿಯೋವಾಗಲೂ ಬಂತು, ಸೌಂಡ್ ಕಮ್ಮಿ ಇದ್ರೂ ಬಂತು. ತಿರುವಲ್ಲಿ ನಿಮ್ಮ ಡಿಕ್ಕಿ ಒಳಗೆ ಏನು ಜಾರುತ್ತೆ? ವೂಫರ್ ಡಬ್ಬಾನ ನೆಲಕ್ಕೆ ಬಿಗಿದಿದಾರಾ?

ಕೋಣಂದೂರಿನವ | ಸೋಮವಾರ ರಾತ್ರಿ 9:24

ಇಲ್ಲ ಅಕ್ಕ. ಸುಮ್ನೆ ಇಟ್ಟಿದಾರೆ.

ಸಾಗರ ವೈರಿಂಗ್ | ಸೋಮವಾರ ರಾತ್ರಿ 10:30

ಹಂಗಾದ್ರೆ ನಾಳೆ ಹೀಗೆ ಮಾಡಿ. ವೂಫರಿನ ಎರಡೂ ವೈರು ಆಂಪಿಂದ ಬಿಚ್ಚಿ. ಮೀಟರನ್ನ ಬೀಪ್ ಅನ್ನೋ ಜಾಗಕ್ಕೆ ತಿರುಗಿಸಿ, ಒಂದು ತುದಿ ಆ ವೈರಿಗೆ, ಇನ್ನೊಂದು ತುದಿ ಬಾಡಿ ತಗಡಿಗೆ. ಬೀಪ್ ಬರಬಾರದು. ಈಗ ಮನೆಯಲ್ಲಿ ಯಾರಿಗಾದ್ರೂ ಡಬ್ಬಾನ ಎಡಕ್ಕೆ ಬಲಕ್ಕೆ ಹಿಂದಕ್ಕೆ ನೂಕಕ್ಕೆ ಹೇಳಿ. ಬ್ರಿಜ್ ಮಾಡಿದಾಗ ಎರಡು ವೈರಲ್ಲೂ ಸಿಗ್ನಲ್ ಇರುತ್ತೆ, ಯಾವುದೂ ಮೈನಸ್ ಅಲ್ಲ. ಅದರಲ್ಲಿ ಒಂದು ಬಾಡಿಗೆ ತಾಗಿದ್ರೂ ಆಂಪಿಗೆ ಶಾರ್ಟೇ.

ಕೋಣಂದೂರಿನವ | ಮಂಗಳವಾರ ಬೆಳಗ್ಗೆ 7:50

ಕೆಲಸಕ್ಕೆ ಹೊರಡೋ ಮುಂಚೆ ಮಾಡಿ ನೋಡಿದೆ. ಸುಮ್ನೆ ಇದ್ದಾಗ ಬೀಪ್ ಇಲ್ಲ. ಹೆಂಡತಿ ಡಬ್ಬಾನ ಎಡಕ್ಕೆ ನಾಲ್ಕು ಬೆರಳಷ್ಟು ನೂಕಿದ್ಲು, ಬೀಪ್. ವಾಪಸ್ ಎಳೆದ್ಲು, ನಿಂತಿತು. ಮತ್ತೆ ನೂಕಿದ್ಲು, ಬೀಪ್. ಇಬ್ಬರೂ ಒಬ್ಬರ ಮುಖ ಒಬ್ಬರು ನೋಡಿಕೊಂಡ್ವಿ.

ಸೀಟು ಮಡಚೋ ಕಬ್ಬಿಣದ ಕೊಂಡಿ ಇದೆಯಲ್ಲ, ಅದರ ಚೂಪಾದ ಅಂಚಿನ ಮೇಲೆ ವೂಫರ್ ವೈರ್ ಹಾದು ಹೋಗಿದೆ. ಡಬ್ಬ ಜಾರಿದಾಗಲೆಲ್ಲ ವೈರನ್ನ ಆ ಅಂಚಿಗೆ ಒತ್ತಿದೆ. ಭತ್ತದ ಕಾಳಷ್ಟು ಉದ್ದ ಪ್ಲಾಸ್ಟಿಕ್ ಸವೆದು ತಾಮ್ರ ಕಾಣ್ತಿದೆ, ಕೊಂಡಿ ಮೇಲೂ ಅಷ್ಟೇ ಜಾಗದಲ್ಲಿ ಸಣ್ಣ ಕಪ್ಪು ಚುಕ್ಕಿ ಇದೆ.

ತುಂಗಾತೀರ | ಮಂಗಳವಾರ ಬೆಳಗ್ಗೆ 8:30

ಭೇಷ್! ಆ ವೈರಿಗೆ ಟೇಪ್ ಸುತ್ತಿ ಬಿಡಬೇಡಿ, ಪೂರ್ತಿ ಬದಲಿಸಿ. ಡಬ್ಬವನ್ನು ಪಟ್ಟಿ ಹಾಕಿ ನೆಲಕ್ಕೆ ಬಿಗಿಯಿರಿ. ಅಪಘಾತವಾದರೆ ಅಷ್ಟು ಭಾರದ ಡಬ್ಬ ಹಿಂದೆ ಕೂತವರ ಬೆನ್ನಿಗೆ ಬರುತ್ತದೆ, ಆಂಪ್‌ಗಿಂತ ಅದು ದೊಡ್ಡ ಚಿಂತೆ. ಆಂಪ್ ಮಾತ್ರ ಮೊದಲಿನಿಂದಲೂ ತನ್ನ ಕೆಲಸ ಸರಿಯಾಗಿ ಮಾಡುತ್ತಿತ್ತು. ಇಷ್ಟು ಸಲ ಶಾರ್ಟ್ ಆದರೂ ಸುಡದೆ ಉಳಿದದ್ದು ಕೆಂಪು ಲೈಟ್ ಹಚ್ಚಿ ತನ್ನನ್ನು ತಾನೇ ನಿಲ್ಲಿಸಿಕೊಂಡದ್ದರಿಂದಲೇ.

ಹೊಸನಗರದಾಕೆ | ಮಂಗಳವಾರ ಬೆಳಗ್ಗೆ 9:05

ಹೊಸ ವೈರಿಗೆ ಸುರುಳಿ ಪೈಪ್ ಹಾಕಿ. ಕೊಟ್ಟಿಗೆ ಪಕ್ಕ ಗಾಡಿ ನಿಲ್ಲಿಸ್ತೀರಾದ್ರೆ ಇಲಿ ಕಾಟಕ್ಕೂ ಅದೇ ಸ್ವಲ್ಪ ತಡೆ. ನಮ್ಮ ಗಾಡಿಲಿ ಹೋದ ವರ್ಷ ಅಡಿಕೆ ಸುಗ್ಗಿ ಹೊತ್ತಲ್ಲಿ ಬಾಗಿಲ ಸ್ಪೀಕರ್ ವೈರೇ ತಿಂದು ಹಾಕಿದ್ವು.

ಕೋಣಂದೂರಿನವ | ಭಾನುವಾರ ರಾತ್ರಿ 10:10

ಹೆಬ್ರಿಗೆ ಹೋಗಿ ಈಗ ತಾನೇ ಬಂದ್ವಿ. ವೈರ್ ಬದಲಾಯಿಸಿ, ಪೈಪ್ ಹಾಕಿ, ಡಬ್ಬಕ್ಕೆ ಎರಡು ಕಬ್ಬಿಣದ ಪಟ್ಟಿ ಕೊಟ್ಟು ಬಿಗಿದಿದ್ದೆ. ಆಗುಂಬೆಯ ಹದಿನಾಲ್ಕು ತಿರುವು ಇಳಿಯೋವಾಗಲೂ ಹತ್ತೋವಾಗಲೂ ಬಾಮೈದ ಹಿಂದೆ ತಿರುಗಿ ಕೂತು ಲೈಟನ್ನೇ ನೋಡ್ತಿದ್ದ. ಮಳೆ ಧೋ ಅಂತ ಸುರೀತಿತ್ತು, ಮಂಜಲ್ಲಿ ಮುಂದಿನ ಗಾಡಿ ಕಾಣ್ತಿರ್ಲಿಲ್ಲ, ಚೆಂಡೆ ಮದ್ದಲೆ ಪೂರಾ ಜೋರಲ್ಲಿ. ಪ್ರತಿ ತಿರುವಿಗೂ “ಹಸಿರು ಬಾವ” ಅಂತ ಕೂಗ್ತಿದ್ದ. ಸ್ಟೆಪ್ನಿ ಗುಂಡಿಗೆ ಕೈ ಹಾಕಿ ನೋಡಿದೆ, ಒಣಗಿದೆ.

ಆಂಪಿನ ಬೆಲೆ ಹನ್ನೆರಡು ಸಾವಿರ ಉಳೀತು. ಬೋಲ್ಟು, ವೈರು, ಪೈಪು, ಪಟ್ಟಿ, ಸಿಲಿಕೋನ್ ಎಲ್ಲ ಸೇರಿ ಆದದ್ದು 640 ರೂಪಾಯಿ. ಸಾಗರದಣ್ಣ, ಆ ಕಡೆ ಬಂದಾಗ ನಿಮ್ಮ ಅಂಗಡಿಗೆ ಬರ್ತೀನಿ, ಪ್ಲಸ್ ವೈರಲ್ಲಿ ಇನ್ನೂ 0.5 ನಷ್ಟ ಇದೆ. ಚಾಕುವಲ್ಲಿ ಕೆರೆದು ನೋಡಿದೆ, ಒಳಗೆ ಬೆಳ್ಳಗಿದೆ.

ಸಾಗರ ವೈರಿಂಗ್ | ಭಾನುವಾರ ರಾತ್ರಿ 10:42

ಬನ್ನಿ. ಐದು ಮೀಟರ್ ತಾಮ್ರದ್ದು ತೆಗೆದಿಟ್ಟಿರ್ತೀನಿ.